ಆಮ್ಲಜನಕ ಸಂವೇದಕದ ಸಂಕೇತ ಮಾರ್ಪಾಡು

ಆಮ್ಲಜನಕ ಸಂವೇದಕದ ಸಂಕೇತ ಮಾರ್ಪಾಡು ಎಂಬುದು ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸಂವೇದಕದಿಂದ ಎಂಜಿನ್ ನಿಯಂತ್ರಣ ಘಟಕಕ್ಕೆ ಹೋಗುವ ವಿದ್ಯುತ್ ಸಂಕೇತವನ್ನು ನಡುದಾರಿಯಲ್ಲಿ ಬದಲಾಯಿಸಿ, ಎಂಜಿನ್ನಿಗೆ ಸೇರುವ ಇಂಧನವನ್ನು ಕಡಿಮೆ ಮಾಡುವ ಪ್ರಯತ್ನವಾಗಿದೆ. ಗ್ಯಾರೇಜುಗಳ ರೂಢಿಯಲ್ಲಿ ಈ ಸಂವೇದಕವನ್ನು ಆಕ್ಸಿಜನ್ ಸೆನ್ಸರ್ ಅಥವಾ ಲ್ಯಾಂಬ್ಡಾ ಸೆನ್ಸರ್ ಎಂದೂ ನಿಯಂತ್ರಣ ಘಟಕವನ್ನು ಇಸಿಯು ಎಂದೂ ಕರೆಯಲಾಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿದೆ ಎಂಬ ಹುಸಿ ಸುದ್ದಿಯನ್ನು ಇಸಿಯುಗೆ ತಲುಪಿಸಿದರೆ ಅದು ಇಂಧನವನ್ನು ಕಡಿತಗೊಳಿಸುತ್ತದೆ, ಆಗ ಮೈಲೇಜ್ ಹೆಚ್ಚುತ್ತದೆ ಎಂಬುದು ಈ ವಿಧಾನದ ಹಿಂದಿರುವ ತರ್ಕ. 2008ರ ಸುಮಾರಿಗೆ ಕಚ್ಚಾ ತೈಲದ ಬೆಲೆ ಏರಿದಾಗ ಇಂತಹ ಉಪಕರಣಗಳು ಅಮೆರಿಕದಲ್ಲಿ ವ್ಯಾಪಕವಾಗಿ ಮಾರಾಟಗೊಂಡವು.

ಈ ತರ್ಕದಲ್ಲಿ ಒಂದು ಸತ್ಯಾಂಶವಿದೆ. ಇಂದಿನ ಸಾಮಾನ್ಯ ಪೆಟ್ರೋಲ್ ಕಾರುಗಳು ಪಾಲಿಸುವ ಗಾಳಿ ಮತ್ತು ಇಂಧನದ ಅನುಪಾತವನ್ನು ಗರಿಷ್ಠ ಮೈಲೇಜಿಗಾಗಿ ಆರಿಸಿದ್ದಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಅಗತ್ಯಕ್ಕಾಗಿ ಆರಿಸಿದ್ದು. ಆದ್ದರಿಂದ ಸಂಕೇತವನ್ನು ಬದಲಿಸಿ ಪಡೆಯುವ ಅಲ್ಪ ಉಳಿತಾಯಕ್ಕೆ ಪ್ರತಿಯಾಗಿ ಸಾರಜನಕದ ಆಕ್ಸೈಡ್‌ಗಳು ಶುದ್ಧೀಕರಣವಾಗದೆ ಹೊರಬೀಳುತ್ತವೆ.

ಗಾಳಿ ಮತ್ತು ಇಂಧನದ ಅನುಪಾತ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾಗುತ್ತದೆ. ಗಾಳಿಯಾಗಲಿ ಇಂಧನವಾಗಲಿ ಉಳಿಯದ ಈ ಪ್ರಮಾಣವನ್ನು ಸಮತೋಲಿತ ಅನುಪಾತ ಎನ್ನುತ್ತಾರೆ. ಎಂಜಿನ್ನಿಗೆ ವಾಸ್ತವವಾಗಿ ಸಿಕ್ಕ ಗಾಳಿಯನ್ನು ಸಮತೋಲಕ್ಕೆ ಬೇಕಾದ ಗಾಳಿಯಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಗ್ರೀಕ್ ಅಕ್ಷರದ ಹೆಸರಿನಲ್ಲಿ ಲ್ಯಾಂಬ್ಡಾ ಎಂದು ಹೆಸರು. ಲ್ಯಾಂಬ್ಡಾ 1ಕ್ಕಿಂತ ಕಡಿಮೆಯಿದ್ದರೆ ಇಂಧನ ಹೆಚ್ಚಾಗಿರುವ ಗಾಢ ಮಿಶ್ರಣ, ಹೆಚ್ಚಿದ್ದರೆ ಗಾಳಿ ಹೆಚ್ಚಾಗಿರುವ ತೆಳು ಮಿಶ್ರಣ. ಮೆಕ್ಯಾನಿಕ್‌ಗಳ ಮಾತಿನ ರಿಚ್ ಮತ್ತು ಲೀನ್ ಇವೇ.

14.7 ಎಂಬುದು ಶುದ್ಧ ಪೆಟ್ರೋಲಿಗೆ ಸಲ್ಲುವ ಸಂಖ್ಯೆ. ಎಥೆನಾಲ್‌ನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಸುಮಾರು 9 ಪಟ್ಟು ಗಾಳಿ ಸಾಕು. ಶೇ. 20ರಷ್ಟು ಎಥೆನಾಲ್ ಬೆರೆಸಿದ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನ ಸಮತೋಲಿತ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಧನ ಬದಲಾದರೂ ಕಾರು ತಾನಾಗಿ ಹೊಂದಿಕೊಳ್ಳಲು ಸಾಧ್ಯವಾಗುವುದು ಆಮ್ಲಜನಕ ಸಂವೇದಕದಿಂದಲೇ. ಅದು ಅಳೆಯುವುದು ಅನುಪಾತದ ಸಂಖ್ಯೆಯನ್ನಲ್ಲ, ಉರಿದ ನಂತರ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು.

ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು ಲ್ಯಾಂಬ್ಡಾ 0.9ರ ಆಸುಪಾಸಿನಲ್ಲಿ, ಅತಿ ಕಡಿಮೆ ಇಂಧನದಲ್ಲಿ ಕೆಲಸ ಮಾಡುವುದು 1.05ರಿಂದ 1.1ರ ನಡುವೆ. ಸಾಮಾನ್ಯ ವಿನ್ಯಾಸದ ಎಂಜಿನ್ನುಗಳಲ್ಲಿ ಇನ್ನೂ ತೆಳುವಾದಂತೆ ಜ್ವಾಲೆ ನಿಧಾನವಾಗಿ ಹರಡತೊಡಗುತ್ತದೆ, ಕೊನೆಗೆ ಕೆಲವು ಆವರ್ತಗಳಲ್ಲಿ ಮಿಶ್ರಣ ಹೊತ್ತಿಕೊಳ್ಳುವುದೇ ಇಲ್ಲ. ಸಾರಜನಕದ ಆಕ್ಸೈಡ್‌ಗಳು ಸಿಲಿಂಡರಿನೊಳಗೆ ಅತಿ ಹೆಚ್ಚಾಗಿ ಹುಟ್ಟುವುದು ಕೂಡ ಸ್ವಲ್ಪ ತೆಳುವಾದ ಇದೇ ವಲಯದಲ್ಲಿ ಎಂಬುದನ್ನು ಗಮನಿಸಬೇಕು. ಅಲ್ಲಿ ಉಷ್ಣತೆಯೂ ಸಾಕಷ್ಟಿರುತ್ತದೆ, ಬಿಡಿ ಆಮ್ಲಜನಕವೂ ದೊರೆಯುತ್ತದೆ.

ಸಂವೇದಕದ ಇತಿಹಾಸ ಮತ್ತು ರಚನೆ

ಜರ್ಮನಿಯ ಬಾಷ್ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಈ ಸಂವೇದಕದ ಅಭಿವೃದ್ಧಿಗೆ ತೊಡಗಿತು. 1976ರಲ್ಲಿ ಅದು ಉತ್ಪಾದನೆಗೆ ಬಂದು, ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ವೋಲ್ವೋ 240 ಮತ್ತು 260 ಕಾರುಗಳಲ್ಲಿ ಮೊದಲು ಬಳಕೆಯಾಯಿತು. ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಾದ ಹೊಗೆ ನಿಯಮಗಳು ಇದಕ್ಕೆ ಪ್ರೇರಣೆ. ಆ ವೋಲ್ವೋಗಳ ಮುಂಭಾಗದ ಜಾಲರಿಯ ಮೇಲೆ ‘ಲ್ಯಾಂಬ್ಡಾ ಸೋಂಡ್’ ಎಂಬ ಫಲಕವೇ ಇರುತ್ತಿತ್ತು. ಹೊಗೆ ಕೊಳವೆಯ ಒಂದು ಬಿಡಿಭಾಗ ಕಾರಿನ ಮುಖದ ಮೇಲೆ ಹೆಸರು ಹಾಕಿಸಿಕೊಂಡದ್ದು ಅಪರೂಪದ ಸಂಗತಿ.

ಸಂವೇದಕದ ತಿರುಳು ಇಟ್ರಿಯಂ ಆಕ್ಸೈಡ್ ಬೆರೆಸಿದ ಜಿರ್ಕೋನಿಯಂ ಡೈಆಕ್ಸೈಡ್‌ನ ಪಿಂಗಾಣಿ ಬೆರಳು. ಅದರ ಒಳ ಮತ್ತು ಹೊರ ಮೈಗಳಿಗೆ ರಂಧ್ರಮಯ ಪ್ಲಾಟಿನಂ ಲೇಪನವಿರುತ್ತದೆ. ಒಳಗೆ ಹೊರಾಂಗಣದ ಗಾಳಿ, ಹೊರಗೆ ಹೊಗೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಪಿಂಗಾಣಿಯಲ್ಲಿ ಆಮ್ಲಜನಕದ ಅಯಾನುಗಳು ಚಲಿಸತೊಡಗಿ, ಎರಡು ಬದಿಯ ಆಮ್ಲಜನಕದ ಒತ್ತಡದ ವ್ಯತ್ಯಾಸಕ್ಕೆ ಅನುಗುಣವಾಗಿ ವೋಲ್ಟೇಜ್ ಹುಟ್ಟುತ್ತದೆ. ಜರ್ಮನ್ ರಸಾಯನಶಾಸ್ತ್ರಜ್ಞ, 1920ರ ನೊಬೆಲ್ ಪುರಸ್ಕೃತ ವಾಲ್ಥರ್ ನೆರ್ನ್‌ಸ್ಟ್ ಅವರ ಹೆಸರಿನ ಸಮೀಕರಣ ಈ ವೋಲ್ಟೇಜನ್ನು ನಿರ್ಧರಿಸುತ್ತದೆ. ಗಾಢ ಮಿಶ್ರಣದಲ್ಲಿ ಸುಮಾರು 0.8ರಿಂದ 0.9 ವೋಲ್ಟ್, ತೆಳು ಮಿಶ್ರಣದಲ್ಲಿ ಸುಮಾರು 0.1 ವೋಲ್ಟ್ ದೊರೆಯುತ್ತದೆ. ಎರಡರ ನಡುವಿನ 0.45 ವೋಲ್ಟನ್ನು ಇಸಿಯು ಗಡಿಯೆಂದು ಪರಿಗಣಿಸುತ್ತದೆ. ಬೇಗ ಬಿಸಿಯಾಗಲೆಂದು ನಂತರದ ಸಂವೇದಕಗಳಲ್ಲಿ ವಿದ್ಯುತ್ ಹೀಟರನ್ನು ಸೇರಿಸಲಾಯಿತು.

ಇದು ಸಂಕುಚಿತ ವ್ಯಾಪ್ತಿಯ ಸಂವೇದಕ, ಅಂದರೆ ನ್ಯಾರೋಬ್ಯಾಂಡ್. ಮಿಶ್ರಣ ಗಾಢವೋ ತೆಳುವೋ ಎಂಬುದನ್ನಷ್ಟೇ ಅದು ಹೇಳಬಲ್ಲದು. ಎಷ್ಟು ಎಂಬುದನ್ನು ಹೇಳಲಾರದು. 1990ರ ದಶಕದಲ್ಲಿ ಬಳಕೆಗೆ ಬಂದ ವಿಸ್ತೃತ ವ್ಯಾಪ್ತಿಯ ಅಥವಾ ವೈಡ್‌ಬ್ಯಾಂಡ್ ಸಂವೇದಕವು ಒಂದು ಪುಟ್ಟ ಕೋಣೆಯೊಳಕ್ಕೆ ಅಥವಾ ಅದರಿಂದ ಹೊರಕ್ಕೆ ಆಮ್ಲಜನಕವನ್ನು ಪಂಪು ಮಾಡುತ್ತಾ, ಅದಕ್ಕೆ ತಗಲುವ ವಿದ್ಯುತ್ ಪ್ರವಾಹದಿಂದ ಲ್ಯಾಂಬ್ಡಾದ ನಿಖರ ಬೆಲೆಯನ್ನು ತಿಳಿಸುತ್ತದೆ. ಟೈಟಾನಿಯಂ ಡೈಆಕ್ಸೈಡ್‌ನ ವಿದ್ಯುತ್ ರೋಧದ ಬದಲಾವಣೆಯನ್ನು ಆಧರಿಸಿದ ಇನ್ನೊಂದು ಬಗೆಯೂ ಇದೆ, ಆದರೆ ಅದರ ಬಳಕೆ ಕಡಿಮೆ.

ಪೆಟ್ರೋಲಿನಲ್ಲಿರುವ ಸೀಸ ಸಂವೇದಕವನ್ನೂ ಕನ್ವರ್ಟರನ್ನೂ ಕೆಡಿಸುತ್ತದೆ. ಭಾರತದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಅಲ್ಲಿ ಒದಗಿಸಬೇಕಾಗಿ ಬಂದದ್ದು ಈ ಕಾರಣಕ್ಕೆ. 2000ದ ಫೆಬ್ರವರಿಯಿಂದ ಅದು ದೇಶದಾದ್ಯಂತ ಜಾರಿಗೆ ಬಂತು.

ಇಸಿಯು ಮತ್ತು ಸಂವೇದಕದ ಸಂವಾದ

ಎಂಜಿನ್ ಸೇದಿಕೊಳ್ಳುವ ಗಾಳಿಯನ್ನು ಅಳೆದು ಇಸಿಯು ಮೊದಲು ಒಂದು ಅಂದಾಜಿನ ಪ್ರಮಾಣದಲ್ಲಿ ಪೆಟ್ರೋಲು ಸಿಂಪಡಿಸುತ್ತದೆ. ಸಂವೇದಕ ‘ಗಾಢ’ ಎಂದರೆ ಸ್ವಲ್ಪ ಕಡಿತ, ‘ತೆಳು’ ಎಂದರೆ ಸ್ವಲ್ಪ ಹೆಚ್ಚಳ. ಹೀಗೆ ಮಿಶ್ರಣವು ಸಮತೋಲದ ಆಚೀಚೆ ತೂಗುತ್ತಿರುತ್ತದೆ. ಕ್ಲೋಸ್ಡ್ ಲೂಪ್ ಎಂಬ ಈ ಸ್ಥಿತಿ ಎಂಜಿನ್ ಬಿಸಿಯಾಗಿ, ಕಾರು ಹದವಾದ ವೇಗದಲ್ಲಿ ಸಾಗುವಾಗ ಇರುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಮತ್ತು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಅನೇಕ ಕಾರುಗಳಲ್ಲಿ ಇಸಿಯು ಸಂವೇದಕದ ಮಾತನ್ನು ಬದಿಗಿಟ್ಟು ತನ್ನ ಸ್ಮೃತಿಯಲ್ಲಿರುವ ಕೋಷ್ಟಕದಂತೆ ನಡೆಯುತ್ತದೆ.

ಕ್ಷಣಕ್ಷಣದ ತಿದ್ದುಪಡಿಗೆ ಅಲ್ಪಾವಧಿ ಫ್ಯೂಯಲ್ ಟ್ರಿಮ್ ಎಂದೂ ಅದು ಬಹಳ ಹೊತ್ತು ಒಂದೇ ದಿಕ್ಕಿನಲ್ಲಿ ಮುಂದುವರಿದಾಗ ಇಸಿಯು ಕಲಿತಿಟ್ಟುಕೊಳ್ಳುವ ತಿದ್ದುಪಡಿಗೆ ದೀರ್ಘಾವಧಿ ಫ್ಯೂಯಲ್ ಟ್ರಿಮ್ ಎಂದೂ ಹೆಸರು. ಎರಡಕ್ಕೂ ಮಿತಿಗಳಿವೆ. ಮಿತಿ ಮೀರಿದರೆ ಚೆಕ್ ಎಂಜಿನ್ ದೀಪ ಹೊತ್ತಿ, ಪಿ0171 (ಮಿಶ್ರಣ ಅತಿ ತೆಳು) ಅಥವಾ ಪಿ0172 (ಅತಿ ಗಾಢ) ಎಂಬ ದೋಷ ಸಂಕೇತ ದಾಖಲಾಗುತ್ತದೆ.

ಅಮೆರಿಕದಲ್ಲಿ 1996ರ ಮಾದರಿ ವರ್ಷದಿಂದ ಕಡ್ಡಾಯವಾದ ಒಬಿಡಿ-2 ಸ್ವಯಂತಪಾಸಣಾ ವ್ಯವಸ್ಥೆಯೊಂದಿಗೆ ಕನ್ವರ್ಟರಿನ ಹಿಂದೆ ಇನ್ನೊಂದು ಸಂವೇದಕವೂ ಬಂತು. ಕನ್ವರ್ಟರ್ ಆರೋಗ್ಯವಾಗಿದ್ದರೆ ಹಿಂದಿನ ಸಂವೇದಕದ ವೋಲ್ಟೇಜ್ ಹೆಚ್ಚು ತೂಗಾಡದೆ ಸ್ಥಿರವಾಗಿರಬೇಕು. ಅನೇಕ ಕಾರುಗಳಲ್ಲಿ ಇಸಿಯು ಈ ಎರಡನೆಯ ಸಂವೇದಕದ ಸಾಕ್ಷ್ಯವನ್ನು ಬಳಸಿ ಮೊದಲನೆಯದರ ಸಣ್ಣ ತಪ್ಪುಗಳನ್ನೂ ತಿದ್ದಿಕೊಳ್ಳುತ್ತದೆ. ಸಂಕೇತ ಮಾರ್ಪಾಡಿನ ಉಪಕರಣಗಳಿಗೆ ಮೊದಲ ತೊಡಕು ಎದುರಾಗುವುದು ಇಲ್ಲಿಯೇ: ಮುಂದಿನ ಸಂವೇದಕವನ್ನು ಸುಳ್ಳಾಡಿಸಿದರೂ ಹಿಂದಿನದು ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ ಎಂದು ವರದಿ ಮಾಡುತ್ತದೆ, ಇಸಿಯು ನಿಧಾನವಾಗಿ ಇಂಧನವನ್ನು ಮರಳಿ ಏರಿಸುತ್ತದೆ. ಆರಂಭದಲ್ಲಿ ಮೈಲೇಜ್ ಹೆಚ್ಚಿ, ಕೆಲವು ದಿನಗಳಲ್ಲಿ ಮೊದಲಿನಂತಾಯಿತು ಎಂಬ ದೂರುಗಳಿಗೆ ಇದು ಒಂದು ಸಂಭವನೀಯ ವಿವರಣೆ.

ಮಾರ್ಪಾಡಿನ ಬಗೆಗಳು

ಅತ್ಯಂತ ಪ್ರಚಲಿತವಾದದ್ದು ಇಎಫ್‌ಐಇ ಎಂಬ ಸಂಕ್ಷಿಪ್ತ ಹೆಸರಿನ ಉಪಕರಣ. ಇದು ಸಂವೇದಕದ ತಂತಿಯೊಡನೆ ಸರಣಿಯಲ್ಲಿ ಸೇರಿಕೊಂಡು, ಅದರ ವೋಲ್ಟೇಜಿಗೆ ಒಂದು ಸಣ್ಣ ಹೆಚ್ಚುವರಿ ವೋಲ್ಟೇಜನ್ನು ಕೂಡಿಸುತ್ತದೆ. ಸಂವೇದಕದ ಏರಿಳಿತದ ಸಮಯವನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಡಿಜಿಟಲ್ ಮಾದರಿಗಳು ಆಮೇಲೆ ಬಂದವು. ವೈಡ್‌ಬ್ಯಾಂಡ್ ಸಂವೇದಕಗಳಿಗೆ ವೋಲ್ಟೇಜ್ ಕೂಡಿಸುವ ಉಪಾಯ ನಡೆಯುವುದಿಲ್ಲ. ಅಲ್ಲಿ ಪಂಪು ಪ್ರವಾಹವನ್ನೇ ಬದಲಿಸಬೇಕಾಗುತ್ತದೆ.

ಒಳಬರುವ ಗಾಳಿಯ ಉಷ್ಣತೆ ಅಳೆಯುವ ಸಂವೇದಕದ ತಂತಿಗೆ ರೆಸಿಸ್ಟರ್ ಜೋಡಿಸಿ, ಗಾಳಿ ಬಿಸಿಯಾಗಿ ವಿರಳವಾಗಿದೆ ಎಂದು ನಂಬಿಸುವ ಅಗ್ಗದ ಉಪಾಯವೂ ಬಳಕೆಯಲ್ಲಿದೆ. ಆಮ್ಲಜನಕ ಸಂವೇದಕ ಸರಿಯಾಗಿರುವಷ್ಟು ಕಾಲ ಕ್ಲೋಸ್ಡ್ ಲೂಪಿನಲ್ಲಿ ಇದರ ಪರಿಣಾಮ ತಿದ್ದಿಹೋಗುತ್ತದೆ.

ಹಿಂದಿನ ಸಂವೇದಕವನ್ನು ಹೊಗೆಯ ಹರಿವಿನಿಂದ ಸ್ವಲ್ಪ ದೂರ ಸರಿಸುವ ಕೊಳವೆಗಳ ಉದ್ದೇಶ ಬೇರೆ: ತೆಗೆದುಹಾಕಿದ ಅಥವಾ ಸತ್ತ ಕನ್ವರ್ಟರನ್ನು ಇಸಿಯುನಿಂದ ಮರೆಮಾಚುವುದು. ಇವು ಮೈಲೇಜ್ ಕೊಡುತ್ತವೆ ಎಂಬ ಜಾಹೀರಾತಿಗೆ ಆಧಾರವಿಲ್ಲ. ಸಿಎನ್‌ಜಿ ಮತ್ತು ಎಲ್‌ಪಿಜಿ ಕಿಟ್‌ಗಳ ಹಳೆಯ ಮಾದರಿಗಳಲ್ಲಿ ಕಂಡುಬರುವ ಲ್ಯಾಂಬ್ಡಾ ಎಮ್ಯುಲೇಟರನ್ನು ಈ ಗುಂಪಿಗೆ ಸೇರಿಸುವುದು ಸರಿಯಲ್ಲ. ಕಾರು ಅನಿಲದಲ್ಲಿ ಓಡುವಾಗ ಪೆಟ್ರೋಲಿನ ಇಸಿಯು ತಪ್ಪು ತಿದ್ದುಪಡಿಗಳನ್ನು ಕಲಿಯದಿರಲೆಂದು ಅದು ಕೃತಕ ಸಂಕೇತವನ್ನು ಒದಗಿಸುತ್ತದೆ.

ಹೆಚ್ಚುವರಿ ವೋಲ್ಟೇಜಿನ ಲೆಕ್ಕ

ಇಎಫ್‌ಐಇ ಉಪಕರಣದ ಗುಬ್ಬಿಯನ್ನು ತಿರುಗಿಸಿ ಮಿಶ್ರಣವನ್ನು ಬೇಕಾದಷ್ಟು ತೆಳುಗೊಳಿಸಬಹುದು ಎಂದು ಮಾರಾಟಗಾರರು ಹೇಳುತ್ತಾರೆ. ನೆರ್ನ್‌ಸ್ಟ್ ಸಮೀಕರಣ ಇದಕ್ಕೆ ಒಪ್ಪುವುದಿಲ್ಲ. ಸಂವೇದಕದ ಉಷ್ಣತೆ ಸುಮಾರು 727 ಡಿಗ್ರಿ ಸೆಲ್ಸಿಯಸ್, ಎಂದರೆ 1000 ಕೆಲ್ವಿನ್ ಎಂದಿಟ್ಟುಕೊಳ್ಳೋಣ. ಹೊರಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ಲ್ಯಾಂಬ್ಡಾ 1.01 ಇದ್ದಾಗ ಹೊಗೆಯಲ್ಲಿ ಸುಮಾರು ಶೇ. 0.2ರಷ್ಟು ಆಮ್ಲಜನಕ ಉಳಿಯುತ್ತದೆ, ಸಂವೇದಕ 0.10 ವೋಲ್ಟ್ ಕೊಡುತ್ತದೆ. ಲ್ಯಾಂಬ್ಡಾ 1.1 ಇದ್ದಾಗ ಸುಮಾರು ಶೇ. 2ರಷ್ಟು ಆಮ್ಲಜನಕ, 0.05 ವೋಲ್ಟ್.

ಇಸಿಯುವಿನ ಗಡಿ 0.45 ವೋಲ್ಟ್. ಉಪಕರಣ 0.20 ವೋಲ್ಟ್ ಕೂಡಿಸಿದರೆ ಸಂವೇದಕದ ಸ್ವಂತ ವೋಲ್ಟೇಜ್ 0.25ಕ್ಕೆ ಇಳಿದಾಗ ಇಸಿಯು ‘ತೆಳು’ ಎಂದು ತೀರ್ಮಾನಿಸುತ್ತದೆ. ಆದರೆ ಆ 0.25 ವೋಲ್ಟ್ ಇರುವುದು ವಕ್ರರೇಖೆಯ ಕಡಿದಾದ ಇಳಿಜಾರಿನಲ್ಲಿ, ಹೆಚ್ಚುಕಡಿಮೆ ಲ್ಯಾಂಬ್ಡಾ 1ರಲ್ಲಿಯೇ. ಮಿಶ್ರಣ ಬದಲಾಗುವುದು ಗಣನೆಗೆ ಬಾರದಷ್ಟು. 0.35 ವೋಲ್ಟ್ ಕೂಡಿಸಿದರೂ ಸಿಗುವುದು 1.01 ಮಾತ್ರ. 1.1ಕ್ಕೆ ತಲುಪಲು 0.40 ವೋಲ್ಟ್ ಬೇಕು. ಅದಕ್ಕಿಂತ ಸ್ವಲ್ಪವೇ ಹೆಚ್ಚಾದರೆ ಸಂವೇದಕ ಏನು ಹೇಳಿದರೂ ಮೊತ್ತ 0.45ರ ಕೆಳಗೆ ಬರುವುದೇ ಕಷ್ಟವಾಗುತ್ತದೆ. ಇಸಿಯುಗೆ ಸದಾಕಾಲ ‘ಗಾಢ’ ಎಂದೇ ಕೇಳಿಸಿ, ಅದು ತನ್ನ ಮಿತಿಯವರೆಗೆ ಇಂಧನ ಕಡಿಯುತ್ತಾ ಹೋಗುತ್ತದೆ. ಹೀಗೆ ಏನೂ ಆಗದ ಸ್ಥಿತಿಗೂ ನಿಯಂತ್ರಣ ತಪ್ಪುವ ಸ್ಥಿತಿಗೂ ನಡುವಿನ ಅಂತರ ಸುಮಾರು 0.05 ವೋಲ್ಟ್. ಸಂವೇದಕದ ಉಷ್ಣತೆ ಮತ್ತು ವಯಸ್ಸಿನೊಂದಿಗೆ ವೋಲ್ಟೇಜೂ ಬದಲಾಗುವುದರಿಂದ, ಒಂದು ರಸ್ತೆಯಲ್ಲಿ ಹೊಂದಿಸಿದ ಗುಬ್ಬಿ ಇನ್ನೊಂದು ರಸ್ತೆಯಲ್ಲಿ ಅದೇ ಫಲ ಕೊಡುತ್ತದೆಂದು ನೆಚ್ಚುವಂತಿಲ್ಲ.

ಉಳಿತಾಯ ಎಷ್ಟು

ಇಂಧನವನ್ನು ಶೇ. 10 ಕಡಿತಗೊಳಿಸಿದರೆ ಮೈಲೇಜ್ ಶೇ. 10 ಏರುವುದಿಲ್ಲ. ಇಂಧನ ಕಡಿಮೆಯಾದಾಗ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ, ಅದೇ ವೇಗ ಕಾಯ್ದುಕೊಳ್ಳಲು ಚಾಲಕ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ನಿಜವಾದ ಲಾಭ ಬರುವುದು ಬೇರೆ ಮೂಲಗಳಿಂದ: ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿ ಸೇದಿಕೊಳ್ಳುವ ಶ್ರಮ ತಗ್ಗುತ್ತದೆ, ಹೆಚ್ಚುವರಿ ಗಾಳಿಯಿಂದ ಇಂಧನ ಪೂರ್ತಿ ಉರಿಯುತ್ತದೆ, ಸಿಲಿಂಡರಿನ ಅನಿಲ ಸ್ವಲ್ಪ ದಕ್ಷವಾಗಿ ಹಿಗ್ಗುತ್ತದೆ. ಸಾಮಾನ್ಯ ಎಂಜಿನ್ನಿನಲ್ಲಿ ಇವೆಲ್ಲ ಕೂಡಿ ಕೆಲವೇ ಶೇಕಡಾ ಆಗಬಹುದು.

ಕೆಲವೇ ಶೇಕಡಾದ ವ್ಯತ್ಯಾಸವನ್ನು ರಸ್ತೆಯಲ್ಲಿ ಅಳೆಯುವುದು ಸುಲಭವಲ್ಲ. ಬಂಕಿನಲ್ಲಿ ಟ್ಯಾಂಕ್ ತುಂಬಿಸುವಾಗ ಆಗುವ ಹೆಚ್ಚುಕಡಿಮೆ, ಟೈರಿನ ಗಾಳಿ, ಹವೆ, ಸಿಗ್ನಲ್‌ಗಳಲ್ಲಿ ನಿಂತ ಹೊತ್ತು ಇವೆಲ್ಲ ಅಷ್ಟೇ ಪ್ರಮಾಣದ ಏರಿಳಿತ ತರುತ್ತವೆ. ಹೊಸ ಉಪಕರಣ ಹಾಕಿಸಿದವರು ಅರಿವಿಲ್ಲದೆಯೇ ಮೃದುವಾಗಿ ಓಡಿಸುವುದೂ ಉಂಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ, ಇಂಧನ ಉಳಿಸುತ್ತವೆ ಎಂದು ಹೇಳಲಾದ ನೂರಕ್ಕೂ ಹೆಚ್ಚು ಉಪಕರಣ ಮತ್ತು ಸಂಯೋಜಕಗಳನ್ನು ದಶಕಗಳ ಕಾಲ ಪರೀಕ್ಷಿಸಿದೆ. ಬೆರಳೆಣಿಕೆಯಷ್ಟು ಮಾತ್ರ ಅಲ್ಪ ಸುಧಾರಣೆ ತೋರಿದವು. ಅವುಗಳಲ್ಲಿ ಕೆಲವು ಹೊಗೆಯ ಮಾಲಿನ್ಯವನ್ನು ಹೆಚ್ಚಿಸಿದವು.

ಎಚ್‌ಎಚ್‌ಒ ಕಿಟ್‌ಗಳೊಂದಿಗಿನ ನಂಟು

ಇಎಫ್‌ಐಇ ಹೆಸರಾಗಿದ್ದು ಒಂಟಿಯಾಗಿ ಅಲ್ಲ, ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಬರುವ ಜಲಜನಕ ಮತ್ತು ಆಮ್ಲಜನಕದ ಮಿಶ್ರಣವನ್ನು ಎಂಜಿನ್ನಿಗೆ ಊಡುವ ಎಚ್‌ಎಚ್‌ಒ ಕಿಟ್‌ಗಳ ಜೊತೆಗೆ. ಕಿಟ್ ಹಾಕಿದರೂ ಮೈಲೇಜ್ ಏರದಿದ್ದಾಗ, ಅನಿಲದೊಂದಿಗೆ ಬಂದ ಆಮ್ಲಜನಕ ಹೊಗೆಗೆ ಸೇರಿ ಸಂವೇದಕವನ್ನು ದಾರಿ ತಪ್ಪಿಸುತ್ತಿದೆ, ಹಾಗಾಗಿ ಸಂಕೇತವನ್ನು ತಿದ್ದಬೇಕು ಎಂದು ಕಾರಣ ಕೊಡಲಾಯಿತು. ಈ ವಾದ ನಿಲ್ಲುವುದಿಲ್ಲ. ನೀರಿನಿಂದ ಹೊರಟ ಜಲಜನಕ ಮತ್ತು ಆಮ್ಲಜನಕ 2:1ರ ಪ್ರಮಾಣದಲ್ಲೇ ಇರುತ್ತವೆ. ಉರಿದಾಗ ಒಂದನ್ನೊಂದು ಪೂರ್ತಿ ಬಳಸಿಕೊಂಡು ಮತ್ತೆ ನೀರಾಗುತ್ತವೆ. ಹೆಚ್ಚುವರಿ ಆಮ್ಲಜನಕ ಉಳಿಯುವ ಪ್ರಶ್ನೆಯೇ ಇಲ್ಲ.

ಪ್ರಮಾಣವೂ ನಗಣ್ಯ. 1.2 ಲೀಟರಿನ ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತಾ ಹಗುರ ಹೊರೆಯಲ್ಲಿ ಸಾಗುವಾಗ ನಿಮಿಷಕ್ಕೆ ಸುಮಾರು 600 ಲೀಟರ್ ಗಾಳಿ ಸೇದುತ್ತದೆ. ನಿಮಿಷಕ್ಕೆ ಒಂದು ಲೀಟರ್ ಎಚ್‌ಎಚ್‌ಒ ಎಂದರೆ ಅದರ ಶೇ. 0.2ಕ್ಕಿಂತ ಕಡಿಮೆ. ಅದನ್ನು ತಯಾರಿಸುವ ವಿದ್ಯುತ್ತು ಆಲ್ಟರ್ನೇಟರಿನದ್ದು, ಆಲ್ಟರ್ನೇಟರನ್ನು ತಿರುಗಿಸುವುದು ಅದೇ ಪೆಟ್ರೋಲು. ಪ್ರತಿ ಹಂತದಲ್ಲೂ ನಷ್ಟವಿದ್ದೇ ಇದೆ. ಇಂತಹ ಜೋಡಿಯಲ್ಲಿ ಮೈಲೇಜ್ ಸ್ವಲ್ಪ ಏರಿದ್ದು ನಿಜವೇ ಆಗಿದ್ದರೆ, ಅದಕ್ಕೆ ಕಾರಣ ನೀರಲ್ಲ, ಸಂಕೇತ ಬದಲಿಸಿದ್ದರಿಂದ ಆದ ತೆಳು ಮಿಶ್ರಣ.

ಹೊಗೆ ಮತ್ತು ಎಂಜಿನ್ನಿನ ಮೇಲೆ ಪರಿಣಾಮ

ಮೂರು ಬಗೆಯ ಮಾಲಿನ್ಯಕಾರಕಗಳನ್ನು ಒಟ್ಟಿಗೆ ನಿವಾರಿಸುವುದರಿಂದ ಇಂದಿನ ಕನ್ವರ್ಟರಿಗೆ ತ್ರೀ-ವೇ ಎಂಬ ವಿಶೇಷಣವಿದೆ. ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದ ಹೈಡ್ರೋಕಾರ್ಬನ್‌ಗಳಿಗೆ ಆಮ್ಲಜನಕ ಸೇರಬೇಕು. ಸಾರಜನಕದ ಆಕ್ಸೈಡ್‌ಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಈ ಎರಡನೆಯ ಕೆಲಸವನ್ನು ರೋಡಿಯಂ ಲೋಹದ ಮೇಲೆ ಕಾರ್ಬನ್ ಮೊನಾಕ್ಸೈಡ್ ಮೊದಲಾದವು ಮಾಡುತ್ತವೆ. ಹೊಗೆಯಲ್ಲಿ ಬಿಡಿ ಆಮ್ಲಜನಕ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅದರೊಂದಿಗೇ ಕೂಡಿಕೊಂಡು, ಸಾರಜನಕದ ಆಕ್ಸೈಡ್‌ಗಳು ಹಾಗೆಯೇ ಹೊರಟುಹೋಗುತ್ತವೆ. ಮೂರೂ ಚೆನ್ನಾಗಿ ನಿವಾರಣೆಯಾಗುವುದು ಲ್ಯಾಂಬ್ಡಾ 1ರ ಸುತ್ತಲಿನ ಬಹಳ ಇಕ್ಕಟ್ಟಾದ ಕಿಂಡಿಯಲ್ಲಿ ಮಾತ್ರ. ಲೇಪನದಲ್ಲಿರುವ ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಹಿಡಿದಿಟ್ಟು ಬಿಡುತ್ತಾ ಕ್ಷಣಿಕ ಏರಿಳಿತಗಳನ್ನು ತಾಳಿಕೊಳ್ಳುತ್ತದೆ, ಆದರೆ ನಿರಂತರವಾಗಿ ತೆಳುವಾದ ಮಿಶ್ರಣದಲ್ಲಿ ಅದು ಬೇಗ ತುಂಬಿಹೋಗುತ್ತದೆ.

ಸಾರಜನಕದ ಆಕ್ಸೈಡ್‌ಗಳು ಉಸಿರಾಟದ ತೊಂದರೆಗಳನ್ನು ಉಲ್ಬಣಗೊಳಿಸುತ್ತವೆ ಮತ್ತು ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಉತ್ಪತ್ತಿಗೆ ಕಾರಣವಾಗುತ್ತವೆ. ಭಾರತ್ ಸ್ಟೇಜ್-6 ನಿಯಮದಂತೆ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.06 ಗ್ರಾಂ ಮೀರಿ ಇವನ್ನು ಹೊರಬಿಡುವಂತಿಲ್ಲ. ಇವು ಕಣ್ಣಿಗೂ ಕಾಣುವುದಿಲ್ಲ, ಪೆಟ್ರೋಲ್ ವಾಹನಗಳ ಮಾಲಿನ್ಯ ತಪಾಸಣಾ ಕೇಂದ್ರದಲ್ಲೂ ಅಳತೆಗೆ ಸಿಗುವುದಿಲ್ಲ. ಅಲ್ಲಿ ನೋಡುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು; ತುಸು ತೆಳುವಾದ ಮಿಶ್ರಣದಲ್ಲಿ ಇವು ಕಡಿಮೆಯೇ ಇರುತ್ತವೆ. ಹೊಸ ವಾಹನಗಳಿಗೆ ನಿಂತಲ್ಲೇ ಹೆಚ್ಚಿನ ವೇಗದಲ್ಲಿ ಎಂಜಿನ್ ಓಡಿಸಿ ಲ್ಯಾಂಬ್ಡಾ 0.97ರಿಂದ 1.03ರೊಳಗಿದೆಯೇ ಎಂದು ನೋಡುವ ನಿಯಮವಿದ್ದರೂ ರಸ್ತೆಯಲ್ಲಿ ಹೊರೆ ಎಳೆಯುವಾಗಿನ ಸ್ಥಿತಿ ಅದರಿಂದ ತಿಳಿಯದು. ಮಾರ್ಪಾಡು ಮಾಡಿದ ಕಾರು ಹೊಗೆ ಪರೀಕ್ಷೆಯಲ್ಲಿ ಇನ್ನೂ ಶುದ್ಧವೆಂದು ಕಾಣಿಸಬಹುದಾದ ವಿಪರ್ಯಾಸಕ್ಕೆ ಇದು ಕಾರಣ.

ಎಂಜಿನ್ನಿನ ಹಾನಿಯ ಬಗ್ಗೆ ಉತ್ಪ್ರೇಕ್ಷೆಯ ಮಾತುಗಳೂ ಇವೆ. ಹಗುರ ಹೊರೆಯಲ್ಲಿ ಮಿಶ್ರಣ ತುಸು ತೆಳುವಾದ ಮಾತ್ರಕ್ಕೆ ಪಿಸ್ಟನ್ ಕರಗುವುದಿಲ್ಲ. ಅಪಾಯ ಇರುವುದು ಬೇರೆಡೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಇಸಿಯು ಸಂವೇದಕವನ್ನು ನೋಡದಿದ್ದರೂ, ಅದಕ್ಕೆ ಮುಂಚೆ ಸುಳ್ಳು ಸಂಕೇತದಿಂದ ಕಲಿತ ದೀರ್ಘಾವಧಿ ತಿದ್ದುಪಡಿಯನ್ನು ಅನೇಕ ಕಾರುಗಳಲ್ಲಿ ಅಲ್ಲಿಗೂ ಅನ್ವಯಿಸುತ್ತದೆ. ಘಾಟಿಯ ಏರಿನಲ್ಲಿ ತಂಪಿಗಾಗಿ ಗಾಢ ಮಿಶ್ರಣ ಬೇಕಾದ ಹೊತ್ತಿನಲ್ಲೇ ಇಂಧನ ಕಡಿಮೆ ಬಿದ್ದು, ನಾಕಿಂಗ್ ಮತ್ತು ಅತಿ ಉಷ್ಣತೆ ತಲೆದೋರಬಹುದು. ಇನ್ನೊಂದು ಅಪಾಯ ಮಿಸ್‌ಫೈರ್: ಹೊತ್ತಿಕೊಳ್ಳದೆ ಹೋದ ಪೆಟ್ರೋಲು ಮತ್ತು ಗಾಳಿ ಕನ್ವರ್ಟರಿನಲ್ಲಿ ಉರಿದು ಅದರ ಪಿಂಗಾಣಿ ಜೇನುಗೂಡನ್ನೇ ಕರಗಿಸಬಲ್ಲವು. ಪ್ಲಾಟಿನಂ ವರ್ಗದ ಲೋಹಗಳಿರುವ ಕನ್ವರ್ಟರಿನ ಬೆಲೆಯ ಮುಂದೆ ಉಳಿಸಿದ ಪೆಟ್ರೋಲಿನ ಹಣ ಬಹಳ ಚಿಕ್ಕದು.

ವಿನ್ಯಾಸದಲ್ಲೇ ತೆಳು ದಹನ

ತೆಳು ಮಿಶ್ರಣದಿಂದ ಇಂಧನ ಉಳಿಸುವುದು ಸಾಧ್ಯವೆಂಬುದಕ್ಕೆ ಕಾರು ತಯಾರಕರೇ ಸಾಕ್ಷಿ. ಟೊಯೋಟಾ 1984ರಲ್ಲಿ ಕರೀನಾ ಕಾರಿನಲ್ಲಿ ತೆಳು ಮಿಶ್ರಣವನ್ನು ಅಳೆಯಬಲ್ಲ ಸಂವೇದಕವನ್ನು ಬಳಸಿತು. 1992ರ ಮಾದರಿಯ ಹೋಂಡಾ ಸಿವಿಕ್ ವಿಎಕ್ಸ್ ವೈಡ್‌ಬ್ಯಾಂಡ್ ಸಂವೇದಕದೊಂದಿಗೆ ಬಂದು ಅಮೆರಿಕದಲ್ಲಿ ಮೈಲೇಜಿಗೆ ಹೆಸರಾಯಿತು. ಅದರಲ್ಲಿ ಕಡಿಮೆ ವೇಗದಲ್ಲಿ ಒಳಗವಾಟವೊಂದನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟು, ಸಿಲಿಂಡರಿನೊಳಗೆ ಸುಳಿ ಎಬ್ಬಿಸಿ, ತೆಳು ಮಿಶ್ರಣವೂ ಹೊತ್ತಿಕೊಳ್ಳುವಂತೆ ಮಾಡಲಾಗಿತ್ತು. ಸಾರಜನಕದ ಆಕ್ಸೈಡ್‌ಗಳ ಮಿತಿ ಬಿಗಿಯಾಗಿದ್ದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ ವಿಎಕ್ಸ್‌ಗೆ ಈ ತೆಳು ದಹನ ಇರಲಿಲ್ಲ. ಅದರ ಅಧಿಕೃತ ಮೈಲೇಜೂ ಕಡಿಮೆಯಿತ್ತು. ಒಂದೇ ಕಾರಿನ ಈ ಎರಡು ರೂಪಗಳು ಮೈಲೇಜ್ ಮತ್ತು ಹೊಗೆಯ ನಡುವಿನ ಜಗ್ಗಾಟವನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ತೋರಿಸುತ್ತವೆ. 1996ರಲ್ಲಿ ಮಿತ್ಸುಬಿಷಿ ತಂದ ಜಿಡಿಐ ಎಂಜಿನ್ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸಿ ಇನ್ನೂ ತೆಳುವಾಗಿ ಉರಿಸಿತು. ಇಂತಹ ಎಂಜಿನ್ನುಗಳಿಗೆ ಸಾರಜನಕದ ಆಕ್ಸೈಡ್‌ಗಳನ್ನು ಹಿಡಿದಿಡುವ ವಿಶೇಷ ಕನ್ವರ್ಟರುಗಳು ಬೇಕಾದವು. ನಿಯಮಗಳು ಬಿಗಿಯಾದಂತೆ ಹೆಚ್ಚಿನ ತಯಾರಕರು ಸಮತೋಲಿತ ಅನುಪಾತಕ್ಕೇ ಮರಳಿದರು.

ತಯಾರಕರು ಇದೇ ಆಮಿಷಕ್ಕೆ ಒಳಗಾದ ಪ್ರಸಂಗವೂ ದಾಖಲಾಗಿದೆ. 1997ರ ಮಾದರಿಯ ಸುಮಾರು 60,000 ಎಕಾನೊಲೈನ್ ವ್ಯಾನುಗಳಲ್ಲಿ ಹೆದ್ದಾರಿ ವೇಗದಲ್ಲಿ ಇಂಧನ ಉಳಿಸುವ, ಆದರೆ ಸಾರಜನಕದ ಆಕ್ಸೈಡ್‌ಗಳನ್ನು ಮಿತಿಮೀರಿ ಹೊರಬಿಡುವ ನಿಯಂತ್ರಣ ತಂತ್ರವನ್ನು ಬಳಸಲಾಗಿದೆ ಎಂಬ ಆರೋಪದ ಮೇಲೆ ಫೋರ್ಡ್ ಸಂಸ್ಥೆ 1998ರಲ್ಲಿ ಅಮೆರಿಕದ ಸರ್ಕಾರದೊಂದಿಗೆ 78 ಲಕ್ಷ ಡಾಲರುಗಳ ರಾಜಿ ಮಾಡಿಕೊಂಡಿತು.

ಕಾನೂನು

ಅಮೆರಿಕದ ಶುದ್ಧ ಗಾಳಿ ಕಾಯ್ದೆಯು ಹೊಗೆ ನಿಯಂತ್ರಣದ ಯಾವುದೇ ಭಾಗವನ್ನು ನಿಷ್ಕ್ರಿಯಗೊಳಿಸುವುದನ್ನು ಮತ್ತು ಅದಕ್ಕೆಂದೇ ತಯಾರಾದ ಉಪಕರಣಗಳ ಮಾರಾಟ ಹಾಗೂ ಜೋಡಣೆಯನ್ನು ನಿಷೇಧಿಸುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 190(2)ನೆಯ ಪ್ರಕರಣವು ವಾಯುಮಾಲಿನ್ಯದ ಮಾನದಂಡಗಳನ್ನು ಮೀರಿದ ವಾಹನ ಚಾಲನೆಗೆ ದಂಡ ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 10,000 ರೂಪಾಯಿವರೆಗಿನ ದಂಡ, ಮೂರು ತಿಂಗಳವರೆಗಿನ ಸೆರೆ ಅಥವಾ ಎರಡೂ ಆಗಬಹುದು. ಅದೇ ತಿದ್ದುಪಡಿ ಸೇರಿಸಿದ 182ಎ(4)ರಂತೆ ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವಿದೆ.

ಹಾಳಾದ ಸಂವೇದಕ

ಸಂವೇದಕವನ್ನು ಸುಳ್ಳಾಡಿಸುವುದಕ್ಕಿಂತ ಅದು ತಾನಾಗಿ ಸುಳ್ಳಾಡುತ್ತಿದೆಯೇ ಎಂದು ನೋಡುವುದು ಮೈಲೇಜಿನ ದೃಷ್ಟಿಯಿಂದ ಹೆಚ್ಚು ಲಾಭದಾಯಕ. ಮಸಿ, ಸೋರಿದ ಎಂಜಿನ್ ಆಯಿಲ್, ಕೂಲಂಟ್ ಮತ್ತು ಸೂಕ್ತವಲ್ಲದ ಸಿಲಿಕೋನ್ ಅಂಟುಗಳಿಂದ ಸಂವೇದಕ ನಿಧಾನವಾಗಿ ಮಂದವಾಗುತ್ತದೆ. ವೋಲ್ಟೇಜ್ ಕೆಳಮಟ್ಟದಲ್ಲೇ ನಿಂತುಬಿಟ್ಟರೆ ಇಸಿಯು ಮಿಶ್ರಣ ತೆಳುವೆಂದು ತಿಳಿದು ಅನಗತ್ಯವಾಗಿ ಪೆಟ್ರೋಲು ಸುರಿಯುತ್ತದೆ. ಕೆಟ್ಟ ಆಮ್ಲಜನಕ ಸಂವೇದಕದಂತಹ ಗಂಭೀರ ದೋಷವನ್ನು ಸರಿಪಡಿಸಿದರೆ ಮೈಲೇಜ್ ಶೇ. 40ರವರೆಗೂ ಸುಧಾರಿಸಬಹುದೆಂದು ಅಮೆರಿಕ ಸರ್ಕಾರದ ಇಂಧನ ಮಿತವ್ಯಯ ಮಾರ್ಗದರ್ಶಿ ತಿಳಿಸುತ್ತದೆ. ಇದು ಗರಿಷ್ಠ ಅಂಕಿ, ಎಲ್ಲ ಕಾರುಗಳಿಗೂ ಅನ್ವಯಿಸದು.

ಸಂವೇದಕಕ್ಕಿಂತ ಮುಂದೆ ಹೊಗೆ ಕೊಳವೆಯಲ್ಲಿ ಬಿರುಕಿದ್ದರೂ ಹೊರಗಾಳಿ ಒಳಸೇರಿ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪಿ0171 ಕಂಡಕೂಡಲೇ ಸಂವೇದಕವನ್ನು ಬದಲಿಸುವುದು ಸರಿಯಾದ ಕ್ರಮವಲ್ಲ. ಒಬಿಡಿ ಸ್ಕ್ಯಾನರಿನಲ್ಲಿ ಬಿಸಿಯಾದ ಎಂಜಿನ್ನಿನ ಮುಂದಿನ ನ್ಯಾರೋಬ್ಯಾಂಡ್ ಸಂವೇದಕದ ವೋಲ್ಟೇಜ್ 0.1 ಮತ್ತು 0.9ರ ನಡುವೆ ಚುರುಕಾಗಿ ತೂಗುತ್ತಿದ್ದರೆ ಅದು ಸಾಮಾನ್ಯವಾಗಿ ಸುಸ್ಥಿತಿಯಲ್ಲಿದೆ ಎಂದರ್ಥ. ಆಗ ದೋಷವನ್ನು ಗಾಳಿಯ ಸೋರಿಕೆ, ಫ್ಯೂಯಲ್ ಪಂಪು ಅಥವಾ ಇಂಜೆಕ್ಟರುಗಳಲ್ಲಿ ಹುಡುಕಬೇಕಾಗುತ್ತದೆ.